ನಾಲ್ಕು ಪುಟ ಕೊಡಿ: ಕನ್ನಡ ಪತ್ರಿಕೆಗಳ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಕನ್ನಡದ ದಿನಪತ್ರಿಕೆ, ವಾರಪತ್ರಿಕೆ, ಮಾಸಪತ್ರಿಕೆಗಳ ಸಂಪಾದಕರಿಗೆ,

ನಮಸ್ಕಾರ.

ಸುತ್ತಿ ಬಳಸಿ ಮಾತಾಡುವುದಿಲ್ಲ. ತಿಂಗಳಿಗೆ ನಾಲ್ಕು ಪುಟ ಕೇಳಲು ಬರೆಯುತ್ತಿದ್ದೇನೆ. ಬಣ್ಣ ಬೇಡ, ನುಣುಪು ಕಾಗದ ಬೇಡ. ಆ ನಾಲ್ಕು ಪುಟದಲ್ಲಿ ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಸರ್ಕ್ಯೂಟ್, ಇಲ್ಲವೇ ಒಂದು ಪ್ರೋಗ್ರಾಂ ಇರಲಿ. ಪೂರ್ತಿ ಇರಲಿ, ಏನನ್ನೂ ಬಚ್ಚಿಡದೆ. ಜೊತೆಗೆ ಹೋದ ತಿಂಗಳು ಅಚ್ಚಾದ ತಪ್ಪಿಗೆ ತಿದ್ದುಪಡಿ, ಮಾಡಿ ನೋಡಿದವರ ಕಾಗದ. ಅಷ್ಟೇ.

“ನಮ್ಮಲ್ಲಿ ತಂತ್ರಜ್ಞಾನದ ಪುಟ ಇದೆಯಲ್ಲ” ಅನ್ನುತ್ತೀರಿ. ಇದೆ, ಓದುತ್ತೇನೆ. ಯಾವ ಫೋನ್ ಬಂತು, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಬೆಲೆ ಎಷ್ಟು. ಅದು ಕೊಳ್ಳುವವರ ಪುಟ. ಬಿಚ್ಚುವವರಿಗೂ ಒಂದು ಪುಟ ಬೇಕಲ್ವಾ?

ನಾನು ಬಿಚ್ಚುವ ಜಾತಿಯವನು. ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಊರು. ಬಸ್ ನಿಲ್ದಾಣದ ಪಕ್ಕ ಒಂದು ರೇಡಿಯೊ ರಿಪೇರಿ ಅಂಗಡಿ. ಶಾಲೆ ಬಿಟ್ಟ ಮೇಲೆ ಅಲ್ಲಿನ ಬೆಂಚಿನ ಮೇಲೆ ಕೂರುವುದೇ ನನ್ನ ಕೆಲಸ. ಅಂಗಡಿಯವರು ದೆಹಲಿಯಿಂದ ಬರುವ ‘ಎಲೆಕ್ಟ್ರಾನಿಕ್ಸ್ ಫಾರ್ ಯು’ ತರಿಸುತ್ತಿದ್ದರು. 1969ರಿಂದ ಬರುತ್ತಿರುವ ಪತ್ರಿಕೆ ಅದು. ಬೇರೆ ಪತ್ರಿಕೆಗಳ ಹಳೆಯ ಸಂಚಿಕೆಗಳೂ ಅಲ್ಲಿ ರಾಶಿ ಬಿದ್ದಿರುತ್ತಿದ್ದವು, ಅರ್ಧಕ್ಕೆ ಮುಖಪುಟ ಇರಲಿಲ್ಲ. ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೆ. ಆದರೆ ಸರ್ಕ್ಯೂಟ್ ಚಿತ್ರಕ್ಕೆ ಯಾವ ಭಾಷೆ? ಅಂಕುಡೊಂಕು ಗೆರೆ ಅಂದರೆ ಕರೆಂಟಿಗೆ ತಡೆ ಹಾಕುವ ರೆಸಿಸ್ಟರ್, ಎರಡು ಗೀಟು ಅಂದರೆ ಕರೆಂಟನ್ನು ತುಂಬಿಟ್ಟುಕೊಳ್ಳುವ ಕೆಪಾಸಿಟರ್. ಅಲ್ಲಿಗೆ ಓದು ಶುರು.

1989ರ ಗಣೇಶ ಹಬ್ಬಕ್ಕೆ ಮಂಟಪದಲ್ಲಿ ಎರಡು ಎಲ್‌ಇಡಿ ಒಂದಾದ ಮೇಲೊಂದು ಮಿನುಗಬೇಕು ಅಂತ ಹಟ ಹಿಡಿದೆ. 555 ಅನ್ನುವ ಎಂಟು ಕಾಲಿನ ಐಸಿ, ಅಂದರೆ ಚಿಪ್, ನಾಲ್ಕು ರೆಸಿಸ್ಟರ್, ಒಂದು ಕೆಪಾಸಿಟರ್, 9 ವೋಲ್ಟ್ ಬ್ಯಾಟರಿ. ಒಂದು ಹಳೆಯ ಸಂಚಿಕೆಯಲ್ಲಿ ಪಿಸಿಬಿ, ಅಂದರೆ ತಂತಿಯ ಬದಲು ತಾಮ್ರದ ಗೆರೆಗಳಿರುವ ಹಲಗೆಯ ಚಿತ್ರ ಇತ್ತು. ಕಾರ್ಬನ್ ಪೇಪರ್ ಇಟ್ಟು ಅದನ್ನು ತಾಮ್ರದ ಹಲಗೆಗೆ ಇಳಿಸಿದೆ. ಗೆರೆಗಳ ಮೇಲೆ ಅಕ್ಕನ ನೇಲ್ ಪಾಲಿಷ್ ಬಳಿದೆ. ಹಳೆಯ ಸೋಪಿನ ಡಬ್ಬಿಯಲ್ಲಿ ಫೆರಿಕ್ ಕ್ಲೋರೈಡ್ ಕಲಸಿ, ಹಲಗೆ ಮುಳುಗಿಸಿ, ಅಲ್ಲಾಡಿಸುತ್ತಾ ಬಚ್ಚಲಲ್ಲಿ ಕೂತೆ. ಬಣ್ಣ ಬಳಿಯದ ತಾಮ್ರ ನಿಧಾನಕ್ಕೆ ಕರಗಿತು. ಡಬ್ಬಿ ಚೂರು ಚೆಲ್ಲಿತು. ಆ ಕಂದು ಕಲೆ ಮನೆ ಮಾರುವವರೆಗೂ ಬಚ್ಚಲ ಕಲ್ಲಿನಿಂದ ಹೋಗಲಿಲ್ಲ.

ಬೆಸೆದು ಬ್ಯಾಟರಿ ಕೊಟ್ಟೆ. ದೀಪ ಹತ್ತಲಿಲ್ಲ. ಐಸಿ ಮಾತ್ರ ಬೆರಳು ಸುಡುವಷ್ಟು ಬಿಸಿಯಾಯಿತು. ಬಿಚ್ಚಿದೆ, ಮತ್ತೆ ಬೆಸೆದೆ, ಮತ್ತೆ ಅದೇ. ಗಣಪತಿ ಕೆರೆಗೆ ಹೋದರೂ ದೀಪ ಹತ್ತಲಿಲ್ಲ.

ಎರಡು ತಿಂಗಳಾದ ಮೇಲೆ ಅದೇ ರಾಶಿಯಲ್ಲಿ ಇನ್ನೊಂದು ಸಂಚಿಕೆ ಸಿಕ್ಕಿತು. ಓದುಗರ ಕಾಗದದ ಪುಟದಲ್ಲಿ ಯಾರೋ ನನ್ನ ಕಷ್ಟವನ್ನೇ ಬರೆದಿದ್ದರು. ಕೆಳಗೆ ಮೂರು ಸಾಲಿನ ಉತ್ತರ. ಪಿಸಿಬಿ ಚಿತ್ರವನ್ನು ತಾಮ್ರದ ಕಡೆಯಿಂದ ನೋಡಿದಂತೆ ಕೊಟ್ಟಿದೆ, ನೀವು ಅದನ್ನು ತಿರುವುಮುರುವು ಇಳಿಸಿದ್ದೀರಿ. ಕನ್ನಡಿಯಲ್ಲಿ ನೋಡಿದ ಹಾಗೆ ಆಗಿದೆ. ಒಂದನೇ ಕಾಲಿನ ಜಾಗಕ್ಕೆ ಎಂಟನೇದು ಹೋಗಿದೆ, ಪ್ಲಸ್ಸು ಮೈನಸ್ಸು ಅದಲುಬದಲಾಗಿ ಐಸಿ ಸುಡುತ್ತಿದೆ. ಹಲಗೆ ಎಸೆಯಬೇಡಿ. ಹೊಸ ಐಸಿ ತಂದು ತಾಮ್ರದ ಕಡೆಯಿಂದಲೇ ಕೂರಿಸಿ ಬೆಸೆಯಿರಿ.

ಹಾಗೇ ಮಾಡಿದೆ. ಕೆಂಪು, ಹಸಿರು, ಕೆಂಪು, ಹಸಿರು. ಅಮ್ಮನನ್ನು ಅಡುಗೆ ಮನೆಯಿಂದ ಎಳೆದು ತಂದು ತೋರಿಸಿದೆ. “ಹಬ್ಬ ಮುಗೀತಲ್ಲೋ” ಅಂದರು.

ಪತ್ರಿಕೆಗೆ ಇನ್ನೂ ಏನೇನೋ ಬೇಕಿರಬಹುದು. ನನಗೆ ಅದರ ಜೀವ ಕಂಡದ್ದು ಆ ಮೂರು ಸಾಲಿನಲ್ಲಿ. ಎಲ್ಲೋ ಕೂತ ಒಬ್ಬರು ನನ್ನ ತಪ್ಪನ್ನೇ ಮಾಡಿದ್ದರು, ಅದನ್ನು ನಾಚಿಕೆಯಿಲ್ಲದೆ ಬರೆದಿದ್ದರು, ಪತ್ರಿಕೆ ಅದನ್ನು ಅಚ್ಚು ಹಾಕಿತ್ತು.

ಈಗ ನಿಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗಬೇಕು. ಮನೆಗೆ ಕಂಪ್ಯೂಟರ್ ಬಂದ ಕತೆಯಲ್ಲಿ ಪತ್ರಿಕೆಗಳ ಪಾತ್ರ ಎಷ್ಟು ದೊಡ್ಡದು ಅಂತ ಪತ್ರಿಕೆ ನಡೆಸುವವರೇ ಮರೆತಂತಿದೆ.

1975ರ ಜನವರಿ. ಅಮೆರಿಕದ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ಒಂದು ಪೆಟ್ಟಿಗೆ. ಆಲ್ಟೇರ್ 8800. 400 ಡಾಲರ್ ಒಳಗೆ ನೀವೇ ಕಂಪ್ಯೂಟರ್ ಕಟ್ಟಿಕೊಳ್ಳಿ ಅನ್ನುವುದು ಲೇಖನದ ಒಟ್ಟು ಮಾತು. ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ ಎಡ್ ರಾಬರ್ಟ್ಸ್ ಅನ್ನುವವರ ಸಣ್ಣ ಕಂಪನಿ ಮಾಡಿದ ಕಿಟ್ ಅದು. ಕೀಬೋರ್ಡ್ ಇಲ್ಲ, ಪರದೆ ಇಲ್ಲ. ಮುಂದೆ ಸಾಲಾಗಿ ಸ್ವಿಚ್ಚು, ಮೇಲೆ ಸಾಲಾಗಿ ದೀಪ. ಮೆಮೊರಿ 256 ಬೈಟ್. ಈ ಪ್ಯಾರಾದ ಅಕ್ಷರಗಳೂ ಅದರಲ್ಲಿ ಹಿಡಿಸುವುದಿಲ್ಲ.

ತಮಾಷೆ ಏನು ಗೊತ್ತಾ? ಮುಖಪುಟದ ಆ ಪೆಟ್ಟಿಗೆ ಪೊಳ್ಳು. ಅಸಲಿ ಯಂತ್ರವನ್ನು ನ್ಯೂಯಾರ್ಕಿಗೆ ಪಾರ್ಸೆಲ್ ಮಾಡಿದ್ದರು, ಅದು ದಾರಿಯಲ್ಲೇ ಕಳೆದುಹೋಯಿತು. ಗಡುವು ಹತ್ತಿರ ಬಂದಿತ್ತು. ದೀಪ, ಸ್ವಿಚ್ಚು ಅಂಟಿಸಿದ ಖಾಲಿ ಡಬ್ಬಿಯ ಫೋಟೊ ತೆಗೆದು ಹಾಕಿದರು. ಆ ಖಾಲಿ ಡಬ್ಬಿ ನೋಡಿ ಸಾವಿರಾರು ಜನ ದುಡ್ಡು ಕಳಿಸಿದರು. ಕೆಲವು ನೂರು ಹೋದರೆ ಸಾಕು ಅಂದುಕೊಂಡಿದ್ದ ಕಂಪನಿಗೆ ಉಸಿರಾಡಲು ಪುರುಸೊತ್ತಿಲ್ಲದಂತಾಯಿತು. ಹಾರ್ವರ್ಡ್ ಚೌಕದ ಒಂದು ಪೇಪರ್ ಅಂಗಡಿಯಲ್ಲಿ ಆ ಸಂಚಿಕೆ ನೋಡಿದ ಪಾಲ್ ಆಲನ್ ಅದನ್ನು ಕೊಂಡು ಗೆಳೆಯ ಬಿಲ್ ಗೇಟ್ಸ್ ಹತ್ತಿರ ಓಡಿದರು. ಪ್ರೋಗ್ರಾಂ ಬರೆಯಲು ಬೇಸಿಕ್ ಅಂತ ಒಂದು ಸುಲಭದ ಭಾಷೆ ಇತ್ತು, ಇಬ್ಬರೂ ಸೇರಿ ಅದನ್ನು ಆಲ್ಟೇರ್‌ಗೆ ಹೊಂದುವಂತೆ ಬರೆದರು. ಮುಂದಿನದ್ದು ನಿಮಗೇ ಗೊತ್ತು.

ಈ ಲೋಕದ ಅತಿ ಹೆಸರಾಂತ ಬಹಿರಂಗ ಪತ್ರವೂ ಅಲ್ಲೇ ಹುಟ್ಟಿತು. 1976ರ ಫೆಬ್ರವರಿ 3ನೇ ತಾರೀಖು ಹಾಕಿ ಗೇಟ್ಸ್ ಹವ್ಯಾಸಿಗಳಿಗೆ ಒಂದು ಪತ್ರ ಬರೆದರು. ನಮ್ಮ ಬೇಸಿಕ್ಕನ್ನು ನೀವೆಲ್ಲ ಪುಕ್ಕಟೆ ನಕಲು ಮಾಡಿ ಹಂಚುತ್ತಿದ್ದೀರಿ, ಇದು ಕಳ್ಳತನ ಅನ್ನುವುದು ಅದರ ತಾತ್ಪರ್ಯ. ಅವರ ಸಿಟ್ಟಿನಲ್ಲಿ ನ್ಯಾಯ ಇರಲಿಲ್ಲ ಅಂತ ನಾನು ಹೇಳಲಾರೆ. ತಿಂಗಳುಗಟ್ಟಲೆ ಕೆಲಸ ಮಾಡಿದ್ದರು. ಆದರೆ ನನಗೆ ಇಷ್ಟವಾಗುವುದು ಅದೇ ವರ್ಷ ಇನ್ನೊಂದು ಕಡೆ ನಡೆದದ್ದು.

ಕ್ಯಾಲಿಫೋರ್ನಿಯಾದಲ್ಲಿ ‘ಡಾಕ್ಟರ್ ಡಾಬ್ಸ್ ಜರ್ನಲ್’ ಅಂತ ಒಂದು ಪತ್ರಿಕೆ 1976ರ ಜನವರಿಯಲ್ಲಿ ಶುರುವಾಯಿತು. ಟೈನಿ ಬೇಸಿಕ್ ಅನ್ನುವ ಪುಟಾಣಿ ಭಾಷೆಯನ್ನು ಎಲ್ಲರಿಗೂ ಮುಟ್ಟಿಸಬೇಕು, ಮೂರು ಸಂಚಿಕೆ ತಂದರೆ ಸಾಕು ಅನ್ನುವುದು ಮೊದಲ ಲೆಕ್ಕ. ದಶಕಗಳ ಕಾಲ ನಡೆಯಿತು. ಲಿ-ಚೆನ್ ವಾಂಗ್ ಅನ್ನುವವರು ಬರೆದ ಟೈನಿ ಬೇಸಿಕ್ಕಿನ ಪೂರ್ತಿ ಪ್ರೋಗ್ರಾಂ ಅದರಲ್ಲಿ ಸಾಲು ಸಾಲಾಗಿ ಅಚ್ಚಾಯಿತು. ಇಡೀ ಭಾಷೆ ಸುಮಾರು 2 ಕಿಲೋಬೈಟ್. ‘ಕಾಪಿರೈಟ್, ಎಲ್ಲ ಹಕ್ಕುಗಳನ್ನು ಕಾದಿರಿಸಿದೆ’ ಅಂತ ಹಾಕುವ ಜಾಗದಲ್ಲಿ ಅವರು ‘ಕಾಪಿಲೆಫ್ಟ್, ಎಲ್ಲ ತಪ್ಪುಗಳನ್ನು ಕಾದಿರಿಸಿದೆ’ ಅಂತ ಹಾಕಿದರು.

ಆ ಬೇಸಿಕ್ಕಿಗೆ ಬರುತ್ತಿದ್ದ ಬೈಗುಳ ಮೂರೇ. ನೀವು ಬರೆದದ್ದು ಅರ್ಥವಾಗದಿದ್ದರೆ ‘ವಾಟ್?’ ಅರ್ಥವಾಯಿತು, ಆದರೆ ಮಾಡಲು ಆಗದು ಅನ್ನುವುದಾದರೆ ‘ಹೌ?’ ಮೆಮೊರಿ ಮುಗಿದಿದ್ದರೆ ‘ಸಾರಿ’. ನಮ್ಮೂರ ಹೋಟೆಲ್ ಮಾಣಿಯೂ ಇಷ್ಟು ಚೊಕ್ಕವಾಗಿ ಮಾತಾಡುವುದಿಲ್ಲ.

ಈ ಮೂರು ಮಾತು ಎಲ್ಲೆಲ್ಲಿ ಅಲೆದವು ನೋಡಿ. ವಾಂಗ್ ಅವರ ಟೈನಿ ಬೇಸಿಕ್ಕಿನ ಮೇಲೆ ಕೆಲಸ ಮಾಡಿ 1977ರಲ್ಲಿ ಬಂದ ಟಿಆರ್‌ಎಸ್-80 ಕಂಪ್ಯೂಟರಿನ ಬೇಸಿಕ್ ತಯಾರಾಯಿತು. ಅದನ್ನು ತಿದ್ದಿ ತೀಡಿದ ಇನ್ನೊಂದು ಬೇಸಿಕ್ 1983ರ ಕೊನೆಯ ಹೊತ್ತಿಗೆ ಬೆಲ್‌ಗ್ರೇಡಿನಲ್ಲಿ ಬಾಯಿ ತೆರೆಯಿತು. ಅಲ್ಲೂ ಅವೇ ಮೂರು ಮಾತು.

ಈ ಬೆಲ್‌ಗ್ರೇಡಿನ ಕತೆಯನ್ನು ಪೂರ್ತಿ ಹೇಳಲೇಬೇಕು. ನನ್ನ ಬೇಡಿಕೆ ನಿಂತಿರುವುದೇ ಅದರ ಮೇಲೆ.

ಆಗ ಅದು ಯುಗೊಸ್ಲಾವಿಯ. ಹೊರಗಿನಿಂದ ಸಾಮಾನು ತರಿಸಲು 50 ಜರ್ಮನ್ ಮಾರ್ಕಿನ ಮಿತಿ. ಕಂಪ್ಯೂಟರಿಗೆ ಅದರ ಎಷ್ಟೋ ಪಟ್ಟು ಬೆಲೆ. ತಂದರೆ ಕದ್ದು ತರಬೇಕು. ನಮ್ಮಲ್ಲಿ ಆಗಿನ ಆಮದು ಸುಂಕದ ಕಾಟ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ವೋಯಾ ಆಂತೋನಿಚ್ ಅನ್ನುವ ಎಂಜಿನಿಯರ್ ಸಮುದ್ರ ತೀರಕ್ಕೆ ರಜೆಗೆ ಹೋಗಿದ್ದಾಗ ಒಂದು ಚಿಪ್ಪಿನ ಕೈಪಿಡಿ ಓದುತ್ತಾ ಕೂತಿದ್ದರು. ಓದುತ್ತಾ ಒಂದು ಉಪಾಯ ಹೊಳೆಯಿತು. ಪರದೆಯ ಮೇಲೆ ಅಕ್ಷರ ಮೂಡಿಸಲು ಬೇರೆ ದುಬಾರಿ ಚಿಪ್ ಯಾಕೆ? ಲೆಕ್ಕ ಮಾಡುವ ಜೆಡ್80 ಪ್ರೊಸೆಸರ್ ಕೈಯಲ್ಲೇ ಆ ಕೆಲಸ ಮಾಡಿಸಿದರೆ? ಅದರ ಹೊತ್ತಿನ ದೊಡ್ಡ ಪಾಲು ಪರದೆ ಬರೆಯುವುದರಲ್ಲೇ ಹೋಗುತ್ತದೆ, ಲೆಕ್ಕ ನಿಧಾನವಾಗುತ್ತದೆ. ಆಗಲಿ ಬಿಡಿ. ಬೆಲೆ ಇಳಿಯುತ್ತದೆ, ಸಾಮಾನು ಕಮ್ಮಿಯಾಗುತ್ತದೆ, ಮನೆಯಲ್ಲೇ ಕಟ್ಟಬಹುದು.

‘ಗಲಾಕ್ಸಿಯ’ ಅನ್ನುವ ವಿಜ್ಞಾನ ಪತ್ರಿಕೆ ಆಗ ಕಂಪ್ಯೂಟರುಗಳ ಬಗ್ಗೆ ಒಂದು ವಿಶೇಷ ಸಂಚಿಕೆಗೆ ತಯಾರಿ ನಡೆಸಿತ್ತು. ದೆಯಾನ್ ರಿಸ್ತಾನೊವಿಚ್ ಬರೆಯುತ್ತಿದ್ದರು. ಆಂತೋನಿಚ್ ತಮ್ಮ ಇಡೀ ಕಂಪ್ಯೂಟರಿನ ನಕ್ಷೆಯನ್ನು ಪತ್ರಿಕೆಗೆ ಕೊಟ್ಟುಬಿಟ್ಟರು. ಕಂಪ್ಯೂಟರಿಗೂ ಪತ್ರಿಕೆಯ ಹೆಸರೇ ಬಂತು. ರಾಮ್ ಎಷ್ಟು, ರೋಮ್ ಎಷ್ಟು, ಯಾವ ಕಾಲಿಗೆ ಯಾವ ತಂತಿ, ಎಲ್ಲ ಅಚ್ಚಾಯಿತು. ಬೇಸಿಕ್ ಭಾಷೆ 4 ಕಿಲೋಬೈಟ್ ಚಿಪ್ಪಿನಲ್ಲಿ ಕೂರಬೇಕಿತ್ತು. ಅದನ್ನು ತುಂಬಿಸುವ ಯಂತ್ರ ಯಾರ ಮನೆಯಲ್ಲಿರುತ್ತದೆ? ಖಾಲಿ ಚಿಪ್ ಅಂಚೆಯಲ್ಲಿ ಕಳಿಸಿ, ಪ್ರೋಗ್ರಾಂ ತುಂಬಿಸಿ ವಾಪಸ್ ಕಳಿಸುತ್ತೇವೆ ಅಂದರು. ಮರುಮುದ್ರಣಗಳೂ ಸೇರಿ ಆ ಸಂಚಿಕೆ ಲಕ್ಷ ಪ್ರತಿ ಹೋಯಿತು. ಸಾವಿರಾರು ಮನೆಗಳಲ್ಲಿ ಸೋಲ್ಡರ್ ಹೊಗೆ ಎದ್ದಿತು.

ಇಷ್ಟಕ್ಕೇ ಮುಗಿಯಲಿಲ್ಲ. ಬೆಲ್‌ಗ್ರೇಡ್ ರೇಡಿಯೊದಲ್ಲಿ ಜೊರಾನ್ ಮೊದ್ಲಿ ಅನ್ನುವವರು ‘ವೆಂಟಿಲೇಟರ್ 202’ ಅಂತ ಒಂದು ಕಾರ್ಯಕ್ರಮ ನಡೆಸುತ್ತಿದ್ದರು. ಆಗಿನ ಕಂಪ್ಯೂಟರುಗಳು ಪ್ರೋಗ್ರಾಮನ್ನು ಕ್ಯಾಸೆಟ್ಟಿನಲ್ಲಿ ಕೀಚಲು ಸದ್ದಾಗಿ ಇಟ್ಟುಕೊಳ್ಳುತ್ತಿದ್ದವು. ಸೊನ್ನೆಗೊಂದು ಸ್ವರ, ಒಂದಕ್ಕೊಂದು ಸ್ವರ. ಮೊದ್ಲಿ ಆ ಸದ್ದನ್ನೇ ಪ್ರಸಾರ ಮಾಡಿದರು. ಮನೆಯಲ್ಲಿ ಟೇಪ್ ರೆಕಾರ್ಡರ್ ಒತ್ತಿಕೊಂಡು ಕೂತವರಿಗೆ ಪ್ರೋಗ್ರಾಂ ಗಾಳಿಯಲ್ಲಿ ಬಂದು ಇಳಿಯಿತು. ಆಕಾಶವಾಣಿ ಭದ್ರಾವತಿಯಲ್ಲಿ ಕೃಷಿರಂಗ ಮುಗಿದ ಮೇಲೆ ಐದು ನಿಮಿಷ ಕೀ ಕೀ ಅಂತ ಸದ್ದು ಬಂದಿದ್ದರೆ ನಮ್ಮಜ್ಜ ರೇಡಿಯೊಗೆ ಎರಡು ಬಾರಿಸುತ್ತಿದ್ದರು. ಇರಲಿ.

ಗಮನಿಸಿ, ಇಲ್ಲಿ ದೊಡ್ಡ ಕಾರ್ಖಾನೆ ಇರಲಿಲ್ಲ, ಸರ್ಕಾರದ ಯೋಜನೆ ಇರಲಿಲ್ಲ. ಒಬ್ಬ ಎಂಜಿನಿಯರ್, ಒಂದು ಪತ್ರಿಕೆ, ಒಂದು ರೇಡಿಯೊ. ಪತ್ರಿಕೆ ಓದುಗರನ್ನು ನಂಬಿತು, ಅವರ ಕೈಯಲ್ಲಿ ಆಗುತ್ತದೆ ಅಂತ.

ನಮ್ಮ ದೇಶದಲ್ಲೂ ಇದರ ತುಣುಕುಗಳಿವೆ. 1996ರಲ್ಲಿ ‘ಪಿಸಿ ಕ್ವೆಸ್ಟ್’ ಪತ್ರಿಕೆ ಸಂಚಿಕೆಯ ಜೊತೆ, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಇದ್ದ ಸಿ.ಡಿ. ಹಂಚಿತು. ಅದರ ಹಿಂದೆ ಓಡಾಡಿದವರಲ್ಲಿ ಬೆಂಗಳೂರಿನ ಅತುಲ್ ಚಿಟ್ನಿಸ್ ಮುಖ್ಯರು. ಡಯಲ್-ಅಪ್ ಕಾಲದಲ್ಲಿ ಅಷ್ಟು ದೊಡ್ಡ ಫೈಲ್ ಇಳಿಸಿಕೊಳ್ಳುವುದು ಕನಸು. ಪತ್ರಿಕೆ ಕೊಂಡವರ ಕೈಗೆ ಅದು ಸುಮ್ನೆ ಬಂದು ಬಿತ್ತು. ನನ್ನ ವಯಸ್ಸಿನ ಎಷ್ಟೋ ಜನ ಮೊದಲ ಸಲ ಲಿನಕ್ಸ್ ಹಾಕಿ ವಿಂಡೋಸ್ ಅಳಿಸಿಹಾಕಿ ಬೈಸಿಕೊಂಡದ್ದು ಆ ಸಿ.ಡಿ.ಯಿಂದಲೇ.

ಆದರೆ ಇದೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಯಾಕೆ ಆಗಲಿಲ್ಲ ಅಂತ ಯೋಚಿಸಿದರೆ ನನಗೆ ಒಂದು ವಿಚಿತ್ರ ಕಾಣುತ್ತದೆ. ನಮ್ಮ ಪತ್ರಿಕೆಗಳಿಗೆ ಈ ಕೆಲಸ ಹೊಸದೇನಲ್ಲ. ರಂಗೋಲಿ ಹಾಕುವುದು ಹೇಗೆ ಅಂತ ನೀವು ಅಚ್ಚು ಹಾಕುತ್ತಲೇ ಬಂದಿದ್ದೀರಿ. ‘15ರಿಂದ 8, ಮಧ್ಯ ಚುಕ್ಕಿ’ ಅಂತ ಒಂದು ಸಾಲು, ಪಕ್ಕದಲ್ಲಿ ಚಿತ್ರ. ಅದು ಪ್ರೋಗ್ರಾಂ ಅಲ್ಲದೆ ಇನ್ನೇನು? ನಡುವಿನ ಸಾಲಿಗೆ 15 ಚುಕ್ಕಿ, ಅದರ ಮೇಲೂ ಕೆಳಗೂ ಸಾಲಿಗೊಂದು ಕಮ್ಮಿ, ಎರಡು ಚುಕ್ಕಿಯ ನಡುವೆ ಬರುವಂತೆ ಇಡು, 8 ಆದಾಗ ನಿಲ್ಲಿಸು. ನಮ್ಮಮ್ಮ ಬೆಳಿಗ್ಗೆ ಆರಕ್ಕೆ ಅದನ್ನು ಅಂಗಳದಲ್ಲಿ ಓಡಿಸುತ್ತಿದ್ದರು. ಒಂದು ಚುಕ್ಕಿ ತಪ್ಪಿದರೆ ಗೆರೆ ಕೂಡುತ್ತಿರಲಿಲ್ಲ, ತಪ್ಪು ಎಲ್ಲಿ ಅಂತ ಹುಡುಕುತ್ತಾ ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಿದ್ದರು. ಸ್ವೆಟರ್ ಹೆಣಿಗೆಯ ಲೆಕ್ಕ, ಮೈಸೂರ್ ಪಾಕಿನ ಅಳತೆ, ಎಲ್ಲ ಅದೇ.

ಇನ್ನೂ ಗಟ್ಟಿ ಸಾಕ್ಷಿ ಬೇಕಾದರೆ ಪುತ್ತೂರಿನ ‘ಅಡಿಕೆ ಪತ್ರಿಕೆ’ ನೋಡಿ. 1988ರಲ್ಲಿ ಶುರುವಾಯಿತು, ಶ್ರೀ ಪಡ್ರೆಯವರು ಕಟ್ಟಿ ಬೆಳೆಸಿದರು. ಕೃಷಿಕರ ಕೈಗೆ ಲೇಖನಿ ಅನ್ನುವುದು ಅವರ ಮಾತು. ರೈತರೇ ಬರೆಯುತ್ತಾರೆ, ತಾವು ಮಾಡಿದ್ದನ್ನು ಬರೆಯುತ್ತಾರೆ. ಓದಿದ ಇನ್ನೊಬ್ಬ ರೈತ ತನ್ನ ತೋಟದಲ್ಲಿ ಮಾಡಿ ನೋಡುತ್ತಾನೆ. ಬೆಲ್‌ಗ್ರೇಡಿನಲ್ಲಿ ಸೋಲ್ಡರ್ ಹಿಡಿದವರು ಮಾಡಿದ್ದನ್ನೇ ಇಲ್ಲಿ ಕತ್ತಿ, ಏಣಿ ಹಿಡಿದವರು ಮಾಡಿದರು. ತೋಟಕ್ಕೆ ಒಗ್ಗಿದ್ದು ಐಸಿಗೆ ಒಗ್ಗುವುದಿಲ್ಲವೇ?

ಈಗ ಶಾಲೆಗಳ ವಿಷಯ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಶಾಲೆಗೆ ಬಿಬಿಸಿ ಮೈಕ್ರೊ ಅನ್ನುವ ಒಂದು ಕಂಪ್ಯೂಟರ್ ಬಂದಿತ್ತು. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 1984ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ‘ಕ್ಲಾಸ್’ ಯೋಜನೆಯದು. ಅದಕ್ಕೊಂದು ಕೋಣೆ, ಕೋಣೆಗೊಂದು ಪರದೆ, ಕಂಪ್ಯೂಟರಿಗೆ ಕಸೂತಿ ಹಾಕಿದ ಹೊದಿಕೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ದೇವರ ಕೋಣೆಯೇ ಸರಿ. ಮುಟ್ಟಲು ವಾರಕ್ಕೆ ಹತ್ತು ನಿಮಿಷ.

ಆ ಹತ್ತು ನಿಮಿಷದಲ್ಲಿ ನಾನೂ ನನ್ನ ಗೆಳೆಯನೂ ಒಂದು ಹಳೆಯ ಇಂಗ್ಲಿಷ್ ಪತ್ರಿಕೆಯ ಜೆರಾಕ್ಸ್ ಇಟ್ಟುಕೊಂಡು ಅಂಕಿಗಳನ್ನು ಟೈಪ್ ಮಾಡಿದೆವು. ಅವನು ಓದುವುದು, ನಾನು ಒತ್ತುವುದು. 169, 65, 32, 238, 255, 96. ಆರೇ ಅಂಕಿ. ಓಡಿಸಿದರೆ ಪರದೆಯ ಮೇಲೆ ಇಂಗ್ಲಿಷಿನ ‘ಎ’ ಅಕ್ಷರ ಬಿತ್ತು. ಒಂದು ಅಕ್ಷರ ಬೀಳಿಸಲು ಇಷ್ಟು ಪಾಡೇ ಅಂತ ನಕ್ಕೆವು. ಆಮೇಲೆ ಪಕ್ಕದ ಪ್ಯಾರಾ ಓದಿದೆವು. 169 ಅಂದರೆ ಮುಂದಿನ ಅಂಕಿಯನ್ನು ಕೈಗೆ ತಗೋ. 65 ಅಂದರೆ ‘ಎ’. 32 ಅಂದರೆ ಈ ವಿಳಾಸಕ್ಕೆ ಹೋಗಿ ಅಲ್ಲಿನ ಕೆಲಸ ಮುಗಿಸಿ ಬಾ. 238, 255 ವಿಳಾಸ, ಆ ಮನೆಯಲ್ಲಿ ಕೂತವನು ಪರದೆಗೆ ಬರೆಯುವವನು. 96 ಅಂದರೆ ವಾಪಸ್ ಬಾ. 65ನ್ನು 66 ಮಾಡಿದೆವು. ‘ಬಿ’ ಬಿತ್ತು.

ಬೆನ್ನಲ್ಲಿ ಚಳಿ ಎದ್ದಿತು. ಸುಳ್ಳಲ್ಲ. ಹೊದಿಕೆ ಹೊದ್ದು ಕೂತ ಆ ದೇವರು ಆರು ಅಂಕಿಯ ಮಾತು ಕೇಳುತ್ತದೆ ಅಂತ ಗೊತ್ತಾದದ್ದು ಆಗ. ಮುಂದಿನ ವಾರ 96 ಹಾಕುವುದು ಮರೆತು ಯಂತ್ರ ಸ್ತಬ್ಧವಾಗಿ ನಿಂತಿತು. ಕೆಟ್ಟೇ ಹೋಯಿತು ಅಂತ ಮೇಷ್ಟ್ರು ನಮ್ಮಿಬ್ಬರನ್ನೂ ಹೊರಗೆ ಹಾಕಿದರು. ಸ್ವಿಚ್ ಆರಿಸಿ ಹಾಕಿದ್ದರೆ ಮುಗಿಯುತ್ತಿತ್ತು, ಪಾಪ, ಅವರಿಗೆ ಅದನ್ನು ಹೇಳಿದವರು ಯಾರೂ ಇರಲಿಲ್ಲ.

ಈಗ ಏನಾಗಿದೆ? ಮಕ್ಕಳು ಕೈಯಾರೆ ಮಾಡಿ ಕಲಿಯಲಿ ಅಂತ ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ದೇಶದ 10,000 ಶಾಲೆಗಳಲ್ಲಿದೆ. ಒಂದೊಂದಕ್ಕೆ 20 ಲಕ್ಷ ರೂಪಾಯಿವರೆಗೆ ಅನುದಾನ. ಇನ್ನು ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಲ್ಲಿ 50,000 ಲ್ಯಾಬ್ ಅಂತ 2025ರ ಬಜೆಟ್ಟಿನಲ್ಲಿ ಹೇಳಿದರು. ಒಳ್ಳೆಯದೇ. ಅಂಥ ಒಂದು ಲ್ಯಾಬ್ ನೋಡಲು ಹೋಗಿದ್ದೆ, ಶಾಲೆಯ ಹೆಸರು ಬೇಡ. ತ್ರೀಡಿ ಪ್ರಿಂಟರ್ ಇತ್ತು, ಅದಕ್ಕೆ ಹೊದಿಕೆ ಇತ್ತು. ಆರ್ಡುಇನೊ ಅನ್ನುವ ಪುಟಾಣಿ ಕಂಪ್ಯೂಟರ್ ಹಲಗೆಯ ಕಿಟ್‌ಗಳು ಬೀರುವಿನಲ್ಲಿದ್ದವು, ಬೀರುವಿಗೆ ಬೀಗ ಇತ್ತು. ಕಿಟ್ಟಿನ ಜೊತೆಯ ಪುಸ್ತಕ ಇಂಗ್ಲಿಷಿನದು, ಪ್ಲಾಸ್ಟಿಕ್ ಕವರ್ ಬಿಚ್ಚಿರಲಿಲ್ಲ. ಮೇಷ್ಟ್ರು ಒಳ್ಳೆಯವರು. “ಒಂದು ಸೆನ್ಸರ್ ಸುಟ್ಟರೆ ಲೆಕ್ಕ ಯಾರು ಕೊಡಬೇಕು ಸರ್?” ಅಂದರು. ನಾನು ಸುಮ್ಮನಾದೆ. ಅವರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಸುಡುವುದು ಕಲಿಕೆಯ ಭಾಗ ಅಂತ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ ಆ ಮೇಜಿನ ಮೇಲಿದ್ದಿದ್ದರೆ ಬೀಗ ಅಷ್ಟು ಗಟ್ಟಿ ಇರುತ್ತಿರಲಿಲ್ಲವೇನೋ.

ನೀವು ಎತ್ತಬಹುದಾದ ತಕರಾರುಗಳಿಗೆ ಬರುತ್ತೇನೆ.

ಯೂಟ್ಯೂಬ್ ಇದೆಯಲ್ಲ ಅನ್ನುತ್ತೀರಿ. ಇದೆ, ನಾನೂ ನೋಡುತ್ತೇನೆ, ಮೊನ್ನೆ ಮಿಕ್ಸಿ ಬಿಚ್ಚಿದ್ದು ಅದನ್ನು ನೋಡಿಯೇ. ಆದರೆ ಒಂದು ಕೈಯಲ್ಲಿ ಬೆಸೆಯುವ ಸೋಲ್ಡರಿಂಗ್ ಐರನ್, ಇನ್ನೊಂದರಲ್ಲಿ ಸೋಲ್ಡರ್ ತಂತಿ ಹಿಡಿದಾಗ ವಿಡಿಯೊ ನಿಲ್ಲಿಸುವುದು ಯಾವ ಕೈಯಿಂದ? ಅದೂ ಹೋಗಲಿ. ವಿಡಿಯೊದಲ್ಲಿ ಎಲ್ಲರಿಗೂ ಮೊದಲ ಸಲಕ್ಕೇ ದೀಪ ಹತ್ತುತ್ತದೆ. ಸುಟ್ಟದ್ದು, ಉಲ್ಟಾ ಬೆಸೆದದ್ದು, ಬೆಸುಗೆ ಸರಿಯಾಗಿ ಹಿಡಿಯದೆ ಡ್ರೈ ಸೋಲ್ಡರ್ ಆದದ್ದು ಕತ್ತರಿಸಿ ಹೋಗಿರುತ್ತದೆ. ನೋಡುವ ಹುಡುಗನಿಗೆ ತನ್ನದು ಹತ್ತದಿದ್ದಾಗ ತಾನೇ ದಡ್ಡ ಅನ್ನಿಸುತ್ತದೆ. ಪತ್ರಿಕೆಯ ಪುಟ ಮೊಣಕೈ ಕೆಳಗೆ ತೆರೆದುಕೊಂಡು ಬಿದ್ದಿರುತ್ತದೆ, ಅದರ ಮೇಲೂ ಒಂದು ಸುಟ್ಟ ಗುರುತು. ಮುಂದಿನ ತಿಂಗಳು ತಿದ್ದುಪಡಿ ಬಂದರೆ ಪೆನ್ನಿನಲ್ಲಿ ಅಲ್ಲೇ ಬರೆದುಕೊಳ್ಳಬಹುದು.

ಓದುಗರಿಗೆ ಶಾಕ್ ಹೊಡೆದರೆ ಅನ್ನುವುದು ಸರಿಯಾದ ಭಯ. ಅದಕ್ಕೆ ಒಂದೇ ಕಟ್ಟಳೆ ಇಡಿ: ಗೋಡೆಯ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸುವ ಯಾವ ಸರ್ಕ್ಯೂಟನ್ನೂ ಹಾಕಬೇಡಿ. 9 ವೋಲ್ಟ್ ಬ್ಯಾಟರಿ, ಇಲ್ಲವೇ ಮೊಬೈಲ್ ಚಾರ್ಜರಿನ 5 ವೋಲ್ಟ್. ಅಷ್ಟರಲ್ಲೇ ಒಂದು ಜೀವಮಾನಕ್ಕಾಗುವಷ್ಟು ಆಟ ಇದೆ.

ಇನ್ನು ಭಾಷೆ. ದಯವಿಟ್ಟು ರೆಸಿಸ್ಟರ್‌ಗೆ ರೆಸಿಸ್ಟರ್ ಅನ್ನಿ. ‘ರೋಧಕ’ ಅಂತ ಬರೆದರೆ ಪಠ್ಯಪುಸ್ತಕ ನಗುತ್ತದೆ, ಅಂಗಡಿಯವನು ಅಳುತ್ತಾನೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ “ಒಂದು ಕಿಲೋ ಓಮ್ ರೋಧಕ ಕೊಡಿ” ಅಂದು ನೋಡಿ. “ಒನ್ ಕೆ, ಕ್ವಾರ್ಟರ್ ವಾಟ್” ಅಂದರೆ ಕಂದು, ಕಪ್ಪು, ಕೆಂಪು ಪಟ್ಟಿಯದು ಹತ್ತು ಎಣಿಸಿ ಕೊಡುತ್ತಾನೆ. ಮೋಟಾರ್ ರಿವೈಂಡಿಂಗ್ ಅಂಗಡಿಯ ಹುಡುಗರು, ಮೊಬೈಲ್ ರಿಪೇರಿಯವರು ದಿನಾ ಮಾತಾಡುವ ಕನ್ನಡ ತಯಾರಾಗಿಯೇ ಇದೆ. ಶಾರ್ಟ್ ಆಗಿದೆ, ಲೂಸ್ ಕಾಂಟ್ಯಾಕ್ಟ್ ಇದೆ, ಐಸಿ ಹೋಗಿದೆ. ಆ ಕನ್ನಡದಲ್ಲೇ ಬರೆಸಿ. ಅವರ ಕೈಯಲ್ಲೇ ಬರೆಸಿದರೆ ಇನ್ನೂ ಒಳ್ಳೆಯದು. ಕಾಗುಣಿತ ನೀವು ತಿದ್ದಿ, ಮಾತು ತಿದ್ದಬೇಡಿ. ಪ್ರೊಫೆಸರುಗಳಿಂದ ಬರೆಸಲೇಬೇಕು ಅಂದರೆ, ಮೊದಲು ಅವರು ಅದನ್ನು ಮಾಡಿ ತಂದು ನಿಮ್ಮ ಮೇಜಿನ ಮೇಲೆ ಇಡಬೇಕು ಅಂತ ಷರತ್ತು ಹಾಕಿ.

ಮತ್ತೆ, ತಿದ್ದುಪಡಿಯ ಜಾಗವನ್ನು ಯಾವ ಜಾಹೀರಾತಿಗೂ ಬಿಟ್ಟುಕೊಡಬೇಡಿ. ಪತ್ರಿಕೆಗಳಿಗೆ ತಪ್ಪೊಪ್ಪಿಕೊಳ್ಳುವುದು ಕಹಿ ಅಂತ ಗೊತ್ತು. ಆದರೆ ಇಲ್ಲಿ ಲೆಕ್ಕ ಬೇರೆ. 10 ಕೆ ಇರಬೇಕಾದಲ್ಲಿ 1 ಕೆ ಅಂತ ಬಿದ್ದರೆ ಮೂವತ್ತು ಮನೆಯಲ್ಲಿ ದೀಪ ಹತ್ತುವುದಿಲ್ಲ. ಆ ಮೂವತ್ತು ಜನವೂ ಕಾಯುತ್ತಿರುತ್ತಾರೆ.

ಸುಮ್ನೆ ಕೇಳಿ ಹೋಗುವವನಲ್ಲ ಅಂತ ತೋರಿಸಲು ಈ ಪತ್ರದ ಜೊತೆ ಮೊದಲ ಲೇಖನವನ್ನೂ ಇಟ್ಟಿದ್ದೇನೆ. ನೀರಿನ ಟ್ಯಾಂಕ್ ತುಂಬಿದರೆ ಕೂಗುವ ಅಲಾರಾಂ. ಒಂದು ‘ಬಿ.ಸಿ. 547’ ಟ್ರಾನ್ಸಿಸ್ಟರ್, ಒಂದು 1 ಕೆ ರೆಸಿಸ್ಟರ್, ಒಂದು ಬಜರ್, ಎರಡು ತಂತಿ, 9 ವೋಲ್ಟ್ ಬ್ಯಾಟರಿ. ಟ್ಯಾಂಕಿನ ಬಾಯಿಯ ಹತ್ತಿರ ಎರಡು ತಂತಿಯ ತುದಿ ಒಂದಕ್ಕೊಂದು ತಾಗದಂತೆ ಇಳಿಬಿಡಬೇಕು. ನೀರು ಅಲ್ಲಿಗೆ ಏರಿದಾಗ ಎರಡು ತುದಿಯ ನಡುವೆ ಚೂರೇ ಚೂರು ಕರೆಂಟು ಹರಿಯುತ್ತದೆ. ಬಜರ್ ಕೂಗಿಸಲು ಅದು ಸಾಲದು. ಆದರೆ ಟ್ರಾನ್ಸಿಸ್ಟರಿನ ನಡುವಿನ ಕಾಲಿಗೆ ಅಷ್ಟೇ ಸಾಕು. ಅದು ಬಾಗಿಲು ತೆರೆದು ದೊಡ್ಡ ಕರೆಂಟನ್ನು ಬಜರಿಗೆ ಬಿಡುತ್ತದೆ.

ಆ ಲ್ಯಾಬಿನಲ್ಲಿ ಇದನ್ನು ಮಾಡಿ ತೋರಿಸಿದ್ದೆ. ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಚಿತ್ರ ಬರೆದುಕೊಂಡು ಹೋಗಿ ಮನೆಯಲ್ಲಿ ಕಟ್ಟಿದಳು. ಒಂದು ತಿಂಗಳು ಕೂಗಿತಂತೆ, ಆಮೇಲೆ ಸುಮ್ಮನಾಯಿತಂತೆ. ಹತ್ತಿ ನೋಡಿದರೆ ತಾಮ್ರದ ತುದಿಗೆ ಹಸಿರು ಕಿಲುಬು. ಅವಳು ಕೆರೆದು ಹಾಕಿದಳು, ಮತ್ತೆ ಹಿಡಿಯಿತು. ಕೊನೆಗೆ ತಂತಿಯ ತುದಿಗೆ ಎರಡು ಹಳೆಯ ಸ್ಟೀಲ್ ಚಮಚ ಕಟ್ಟಿದಳು. ಈಗ ಸರಿಯಾಗಿದೆ ಅಂತ ಅವರ ಮೇಷ್ಟ್ರ ಫೋನಿನಿಂದ ಹೇಳಿದಳು. ನನಗೆ ಹೊಳೆದಿರಲಿಲ್ಲ. ಆ ಮಾತನ್ನು ಅವಳ ಕೈಯಲ್ಲೇ ಬರೆಸಿ ಓದುಗರ ಕಾಗದದ ಜಾಗಕ್ಕೆ ಕಳಿಸಿದ್ದೇನೆ, ಎರಡನೇ ಹಾಳೆಯಲ್ಲಿದೆ.

ಸರ್ಕ್ಯೂಟ್ ಚಿತ್ರವನ್ನು ಮೂರು ಸಲ ನೋಡಿದ್ದೇನೆ. ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಮ್ಮ ಕಡೆ ಇದೆ, ಅದರ ಮೂರು ಕಾಲು ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಪುಟ ಜೋಡಿಸುವವರು ಅಂದಕ್ಕೆ ಅಂತ ಅದನ್ನು ತಿರುಗಿಸದಂತೆ ಒಂದು ಮಾತು ಹೇಳಿ. ಹೇಳಿದರೂ ತಿರುಗಿಸುತ್ತಾರೆ, ಗೊತ್ತು. ಅದಕ್ಕೇ ಮುಂದಿನ ತಿಂಗಳ ಪುಟದಲ್ಲಿ ಈಗಲೇ ಅರ್ಧ ಇಂಚು ಜಾಗ ಹಿಡಿದಿಡಿ.

ಇಂತಿ,
ನಿಮ್ಮ ಓದುಗ